ಕೋರ್ಸಿಗೆ ದುಡ್ಡು ಕಟ್ಟುವ ಮುಂಚೆ ಒಂದು ಪಾಲಿಸಿ ರಿಜಿಸ್ಟರು ಬರೆಯಿರಿ

ಪ್ರಶ್ನೆ: ನಾನು ಬೇಲೂರು ತಾಲ್ಲೂಕಿನವಳು. ಕಳೆದ ವರ್ಷ ಬಿ.ಕಾಂ. ಮುಗಿಸಿದೆ, ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಹಾಸನದ ಒಂದು ವಿಮಾ ಬ್ರೋಕರ್ ಕಚೇರಿಯಲ್ಲಿ ಬ್ಯಾಕ್ ಆಫೀಸ್ ಕೆಲಸಕ್ಕೆ ಮುಂದಿನ ತಿಂಗಳು ಸಂದರ್ಶನವಿದೆ. ‘ಎಕ್ಸೆಲ್ ಚೆನ್ನಾಗಿ ಬರಬೇಕು’ ಎಂದಿದ್ದಾರೆ. ನನಗೆ ಟೈಪ್ ಮಾಡಿ ಮೊತ್ತ ಕೂಡಿಸುವಷ್ಟು ಬರುತ್ತದೆ. ಒಂದು ತರಬೇತಿ ಕೇಂದ್ರದವರು ಮೂರು ತಿಂಗಳ ‘ಅಡ್ವಾನ್ಸ್‌ಡ್ ಎಕ್ಸೆಲ್’ ಕೋರ್ಸಿಗೆ 18,000 ರೂಪಾಯಿ ಕೇಳುತ್ತಿದ್ದಾರೆ. ಸೇರಲಾ? ಏನೇನು ಕಲಿಯಬೇಕು? ಮನೆಯಲ್ಲಿ ಅಣ್ಣನ ಹಳೆಯ ಲ್ಯಾಪ್‌ಟಾಪ್ ಇದೆ, ಅದು ಸಾಕಾಗುತ್ತದಾ?

ಉತ್ತರ: ಈಗಲೇ ಸೇರಬೇಡಿ. ಆ ದುಡ್ಡು ಒಂದು ತಿಂಗಳು ನಿಮ್ಮ ಹತ್ತಿರವೇ ಇರಲಿ. ಕೋರ್ಸು ಕೆಟ್ಟದ್ದು ಅಂತಲ್ಲ. ಅಂಥ ಕಡೆ ಸಾಮಾನ್ಯವಾಗಿ ಹೇಳಿಕೊಡುವುದು ಯಾವುದೋ ಅಂಗಡಿಯ ಮಾರಾಟದ ಲೆಕ್ಕ, ಬಣ್ಣಬಣ್ಣದ ಚಾರ್ಟು, ಡ್ಯಾಶ್‌ಬೋರ್ಡು. ವಿಮಾ ಕಚೇರಿಯಲ್ಲಿ ಮೊದಲ ವರ್ಷ ನಿಮಗೆ ಚಾರ್ಟು ಮಾಡಿ ಅಂತ ಯಾರೂ ಹೇಳುವುದಿಲ್ಲ. ಹೇಳುವುದು ಇಷ್ಟೇ: “ಮುಂದಿನ ತಿಂಗಳ ರಿನ್ಯೂವಲ್ ಲಿಸ್ಟ್ ತೆಗೀರಿ”, “ಕಂಪನಿಯಿಂದ ಬಂದ ಕಮಿಷನ್ ಸ್ಟೇಟ್‌ಮೆಂಟ್ ನಮ್ಮ ಲೆಕ್ಕಕ್ಕೆ ತಾಳೆ ಆಗುತ್ತಾ ನೋಡಿ”, “ಯಾವ ಕ್ಲೇಮು ಎಷ್ಟು ದಿನದಿಂದ ಕೂತಿದೆ?” ಈ ಮೂರಕ್ಕೂ ಬೇಕಾಗುವ ಫಾರ್ಮುಲಾಗಳನ್ನು ಎರಡು ಕೈಗಳ ಬೆರಳಲ್ಲಿ ಎಣಿಸಬಹುದು. ಅದಕ್ಕಿಂತ ಹೆಚ್ಚಾಗಿ ಬೇಕಾಗುವುದು ಗುಮಾನಿ. ಶೀಟಿನೊಳಗೆ ಹಾಕಿದ ದಿನಾಂಕ ಅದೇ ದಿನಾಂಕವಾಗಿ ಉಳಿದಿದೆಯಾ, ಪಾಲಿಸಿ ನಂಬರು ಅದೇ ನಂಬರಾಗಿ ಉಳಿದಿದೆಯಾ ಎಂದು ತಿರುಗಿ ನೋಡುವ ಅಭ್ಯಾಸ.

ಆ ಗುಮಾನಿ ನನಗೆ ಬಂದದ್ದು ಪೆಟ್ಟು ತಿಂದ ಮೇಲೆ. ಹಾಸನ, ಚಿಕ್ಕಮಗಳೂರು ಎರಡೂ ಕಡೆ ವಿಮಾ ಶಾಖೆಗಳಲ್ಲಿ ಕೆಲಸ ಮಾಡಿದವನು ನಾನು. ರಟ್ಟಿನ ರಿಜಿಸ್ಟರಿನಿಂದ ಕಂಪ್ಯೂಟರಿಗೆ ಬಂದ ಹೊಸತರಲ್ಲಿ ರಿನ್ಯೂವಲ್ ಪಟ್ಟಿ ಮಾಡುವ ಜವಾಬ್ದಾರಿ ನನ್ನದಿತ್ತು. ಆಲೂರು ಕಡೆಯ ಒಬ್ಬರು ತೋಟದವರ ಜೀಪಿನ ವಿಮೆ ಡಿಸೆಂಬರ್ 5ಕ್ಕೆ ಮುಗಿಯುವುದಿತ್ತು. ನಾನು 05/12 ಅಂತ ಹೊಡೆದೆ. ಕಂಪ್ಯೂಟರಿನ ಸೆಟ್ಟಿಂಗ್ ಅಮೆರಿಕದ್ದು, ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಅದು ತಾನಾಗಿಯೇ ಮೇ 12 ಅಂತ ಇಟ್ಟುಕೊಂಡಿತು. ಡಿಸೆಂಬರಿನ ಪಟ್ಟಿಯಲ್ಲಿ ಅವರ ಹೆಸರೇ ಇಲ್ಲ. ಯಾರೂ ಫೋನ್ ಮಾಡಲಿಲ್ಲ, ಅವರಿಗೂ ಕಾಫಿ ಕೊಯ್ಲಿನ ಗಡಿಬಿಡಿ. ಮಾರ್ಚ್ ಮಧ್ಯದಲ್ಲಿ ಬಂದರು. ಅಷ್ಟರಲ್ಲಿ 90 ದಿನ ದಾಟಿತ್ತು. ವಿಮೆ ಮುಗಿದು 90 ದಿನದೊಳಗೆ ನವೀಕರಿಸದಿದ್ದರೆ ನೋ ಕ್ಲೇಮ್ ಬೋನಸ್ ಹೋಯಿತು. ಒಂದೂ ಕ್ಲೇಮು ಇಲ್ಲದೆ ಶೇ. 20, 25, 35, 45 ಅಂತ ವರ್ಷವರ್ಷ ಏರಿಸಿಕೊಂಡು ಬಂದಿದ್ದ ರಿಯಾಯಿತಿ, ಇನ್ನೊಂದು ಮೆಟ್ಟಿಲು ಹತ್ತಿದ್ದರೆ 50, ಒಂದೇ ಏಟಿಗೆ ಸೊನ್ನೆ. ಅವರು ಜಗಳ ಆಡಲಿಲ್ಲ. “ನಿಮ್ಮ ಕಂಪ್ಯೂಟರಿಗಿಂತ ನಿಮ್ಮ ಹಳೇ ಬುಕ್ಕೇ ವಾಸಿಯಿತ್ತಲ್ಲ ಸಾರ್” ಅಂದರು, ಅಷ್ಟೇ. ಬೈದಿದ್ದರೆ ಇಷ್ಟು ದಿನ ನೆನಪಿರುತ್ತಿರಲಿಲ್ಲ.

ಹಾಗಾಗಿ ನಿಮ್ಮ ಮೊದಲ ಪಾಠ ದಿನಾಂಕ. ವಿಂಡೋಸ್‌ನ ರೀಜನ್ ಸೆಟ್ಟಿಂಗಿನಲ್ಲಿ ‘ಇಂಗ್ಲಿಷ್ (ಇಂಡಿಯಾ)’ ಇದೆಯಾ ನೋಡಿ. ಗೂಗಲ್ ಶೀಟ್ಸ್ ಆದರೆ ಫೈಲ್ ಮೆನುವಿನ ಸೆಟ್ಟಿಂಗ್ಸ್‌ನಲ್ಲಿ ಲೊಕೇಲ್ ಇಂಡಿಯಾ ಮಾಡಿ. ಇದರಿಂದ ಲಕ್ಷ, ಕೋಟಿಯ ಅಲ್ಪವಿರಾಮವೂ ನಮ್ಮ ರೀತಿಯಲ್ಲೇ ಬೀಳುತ್ತದೆ, ಒಂದೇ ಕಲ್ಲಿಗೆ ಎರಡು ಹಕ್ಕಿ. ಇನ್ನು ಬೇರೆಯವರು ಕಳಿಸಿದ ಫೈಲು. ಅಮೆರಿಕನ್ ಸೆಟ್ಟಿಂಗಿನಲ್ಲಿ ತೆರೆದ ಪಟ್ಟಿಯಲ್ಲಿ ಒಂದು ವಿಚಿತ್ರ ಕಾಣುತ್ತದೆ: 1ರಿಂದ 12ರವರೆಗಿನ ದಿನಗಳು ತಿರುಗಿ ಹೋಗಿರುತ್ತವೆ, 13ರಿಂದ ಮುಂದಿನವು ತಿರುಗಲು ಆಗದೆ ಬರೀ ಅಕ್ಷರಗಳಾಗಿ ಉಳಿದಿರುತ್ತವೆ. 13ನೇ ತಿಂಗಳು ಇಲ್ಲವಲ್ಲ! ಗುರುತು ಹಿಡಿಯುವುದು ಸುಲಭ. ನಿಜವಾದ ದಿನಾಂಕ ಸೆಲ್‌ನ ಬಲಗಡೆಗೆ ಅಂಟಿಕೊಂಡಿರುತ್ತದೆ, ಅಕ್ಷರವಾದದ್ದು ಎಡಗಡೆಗೆ. ಒಂದೇ ಕಾಲಮ್ಮಿನಲ್ಲಿ ಅರ್ಧ ಆಚೆ, ಅರ್ಧ ಈಚೆ ನಿಂತಿದ್ದರೆ ಆ ಫೈಲನ್ನು ಮುಟ್ಟಬೇಡಿ, ಮೂಲ ಪ್ರತಿ ಕೇಳಿ ತರಿಸಿಕೊಳ್ಳಿ. ಬಲಗಡೆ ನಿಂತಿದ್ದೆಲ್ಲ ಸರಿ ಎಂದುಕೊಂಡು ಎಡಗಡೆಯವನ್ನು ಮಾತ್ರ ತಿದ್ದುವುದು ಎಲ್ಲರೂ ಮಾಡುವ ತಪ್ಪು. ಕೆಟ್ಟಿರುವುದು ಬಲಗಡೆಯವೇ.

ಎಕ್ಸೆಲ್ ಒಳಗೆ ದಿನಾಂಕ ಅನ್ನುವುದು ಒಂದು ಅಂಕಿ ಅಷ್ಟೇ, 1900ರ ಜನವರಿ 1 ಅಂದರೆ 1, ಅಲ್ಲಿಂದ ಎಣಿಕೆ. ಅದಕ್ಕೇ ಒಂದು ದಿನಾಂಕದಿಂದ ಇನ್ನೊಂದನ್ನು ಕಳೆಯಬಹುದು. ಪಾಲಿಸಿ ಮುಗಿಯುವ ದಿನ ಕಂಡುಹಿಡಿಯಲು ಹೊಸಬರು 365 ಕೂಡಿಸಿ 1 ಕಳೆಯುತ್ತಾರೆ. 2023ರ ಜೂನ್ 15ಕ್ಕೆ ಶುರುವಾದ ಪಾಲಿಸಿಗೆ ಹಾಗೆ ಮಾಡಿದರೆ 2024ರ ಜೂನ್ 13 ಬರುತ್ತದೆ, ಯಾಕೆಂದರೆ ನಡುವೆ ಫೆಬ್ರವರಿ 29 ಇತ್ತು. ಬರಬೇಕಾದದ್ದು 14. ಆ ಒಂದು ದಿನದ ಮಧ್ಯರಾತ್ರಿ ಶಿರಾಡಿ ಘಾಟಿಯಲ್ಲಿ ಗಾಡಿ ಉರುಳಿದರೆ ಏನಾಗುತ್ತದೆ ಎಂದು ಯೋಚಿಸಿ. ಇ-ಡೇಟ್ ಎಂಬ ಫಂಕ್ಷನ್ ಇದೆ: ಶುರುವಿನ ದಿನಾಂಕ ಕೊಡಿ, 12 ತಿಂಗಳು ಅನ್ನಿ, ಬಂದ ಉತ್ತರದಿಂದ 1 ಕಳೆಯಿರಿ. ಅಧಿಕ ವರ್ಷದ ತಲೆನೋವು ಅದಕ್ಕೇ ಬಿಡಿ.

ಎರಡನೆಯದು ಪಾಲಿಸಿ ನಂಬರು. ಇಲ್ಲಿ ಎಕ್ಸೆಲ್ ಮಾಡುವ ಕಿತಾಪತಿ ಹೇಳಲೇಬೇಕು. ಅದು ಯಾವ ಅಂಕಿಯನ್ನೇ ಆಗಲಿ 15 ಸ್ಥಾನದವರೆಗೆ ಮಾತ್ರ ನೆನಪಿಟ್ಟುಕೊಳ್ಳುತ್ತದೆ. ಸಾಮಾನ್ಯ ವಿಮಾ ಕಂಪನಿಗಳ ಪಾಲಿಸಿ ನಂಬರು ಎಷ್ಟೋ ಸಲ 16, 18, 20 ಅಂಕಿ. ಹಾಗೇ ಟೈಪ್ ಮಾಡಿ ಎಂಟರ್ ಒತ್ತಿದರೆ 16ನೇ ಅಂಕಿಯಿಂದ ಮುಂದಕ್ಕೆ ಎಲ್ಲ ಸೊನ್ನೆ. ಎಚ್ಚರಿಕೆಯ ಗಂಟೆ ಬಾರಿಸುವುದಿಲ್ಲ, ಕೆಂಪು ಬಣ್ಣ ತೋರಿಸುವುದಿಲ್ಲ. ಒಮ್ಮೆ ಹೋದ ಅಂಕಿ ಆಮೇಲೆ ಏನು ಮಾಡಿದರೂ ವಾಪಸ್ ಬರುವುದಿಲ್ಲ. ಹಾಲಿನ ಸೊಸೈಟಿಗಳ ಹಸು ವಿಮೆಯ ಪಟ್ಟಿ ಬಂದರೆ ಇನ್ನೊಂದು ರೂಪ ನೋಡುತ್ತೀರಿ. ಹಸುವಿನ ಕಿವಿಯ ಓಲೆ ನಂಬರು 12 ಅಂಕಿ. ಅದು ‘1.23, ಇ, ಪ್ಲಸ್ 11’ ಅಂತ ಮುದುಡಿ ಕೂರುತ್ತದೆ. ಒಳಗೆ ಅಂಕಿ ಪೂರ್ತಿ ಇರುತ್ತದೆ, ನಿಜ. ಆದರೆ ಹಾಗೆ ಕಾಣುತ್ತಿರುವಾಗಲೇ ಸಿಎಸ್‌ವಿ ಫೈಲಾಗಿ (ಕಾಲಮ್ಮುಗಳ ನಡುವೆ ಅಲ್ಪವಿರಾಮ ಹಾಕಿದ ಬರೀ ಅಕ್ಷರದ ಫೈಲು) ಉಳಿಸಿದಿರೋ, ಕಂಡದ್ದೇ ಉಳಿಯುತ್ತದೆ. ನೂರು ಹಸುವಿಗೂ ಒಂದೇ ಓಲೆ! ಹಸು ಸತ್ತಾಗ ಕ್ಲೇಮಿಗೆ ಕೇಳುವ ಮೊದಲ ಪುರಾವೆಯೇ ಆ ಓಲೆ.

ಉಪಾಯ: ನಂಬರು ಹಾಕುವ ಮೊದಲು ಇಡೀ ಕಾಲಮ್ಮನ್ನು ಆರಿಸಿ ‘ಟೆಕ್ಸ್ಟ್’ ಮಾಡಿಬಿಡಿ. ಹಾಕಿದ ಮೇಲಲ್ಲ, ಹಾಕುವ ಮೊದಲು. ಸಿಎಸ್‌ವಿ ಫೈಲು ಬಂದರೆ ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ. ಡೇಟಾ ಮೆನುವಿನಿಂದ ಒಳಗೆ ತಂದುಕೊಂಡು, ಆ ಕಾಲಂ ಟೆಕ್ಸ್ಟ್ ಅಂತ ಅಲ್ಲೇ ಹೇಳಿ. ಇಷ್ಟು ಮಾಡಿದ ಮೇಲೂ ಒಂದು ಗುಂಡಿ ಬಾಕಿ ಇದೆ, ಹತ್ತು ವರ್ಷ ಎಕ್ಸೆಲ್ ಬಳಸಿದವರೂ ಅದರಲ್ಲಿ ಬಿದ್ದದ್ದು ಕಂಡಿದ್ದೇನೆ. ಒಂದೇ ಪಾಲಿಸಿ ಎರಡು ಸಲ ಬಂದಿದೆಯಾ ಎಂದು ಕೌಂಟ್‌ಇಫ್ (ಒಂದು ನಂಬರು ಎಷ್ಟು ಸಲ ಇದೆ ಎಂದು ಎಣಿಸುವ ಫಂಕ್ಷನ್) ಹಾಕಿ ನೋಡುತ್ತಾರೆ. ಟೆಕ್ಸ್ಟ್ ಆಗಿದ್ದರೂ ಕೌಂಟ್‌ಇಫ್ ಅದನ್ನು ಮನಸ್ಸಿನಲ್ಲಿ ಅಂಕಿ ಮಾಡಿಕೊಂಡು ಹೋಲಿಸುತ್ತದೆ, ಮತ್ತೆ ಅದೇ 15 ಸ್ಥಾನ. ಒಂದೇ ಶಾಖೆಯ ಪಾಲಿಸಿಗಳ ಮೊದಲ 15 ಅಂಕಿ ಹೆಚ್ಚಾಗಿ ಒಂದೇ ಥರ ಇರುವುದರಿಂದ ಎಲ್ಲವೂ ಡೂಪ್ಲಿಕೇಟ್ ಅಂತ ಬರುತ್ತದೆ. ಹುಡುಕುವ ನಂಬರಿನ ಬಾಲಕ್ಕೆ ಒಂದು ನಕ್ಷತ್ರದ ಚಿಹ್ನೆ ಅಂಟಿಸಿದರೆ ಅದು ಅಕ್ಷರವೆಂದೇ ಹೋಲಿಸುತ್ತದೆ, ಸಮಸ್ಯೆ ಮುಗಿಯಿತು. ಸಂದರ್ಶನದಲ್ಲಿ ಇದೊಂದನ್ನು ಹೇಳಿ ನೋಡಿ, ಕೇಳುವವರ ಮುಖ ಬದಲಾಗುತ್ತದೆ.

ಹೆಸರಿನ ವಿಷಯ ಬೇಗ ಮುಗಿಸುತ್ತೇನೆ: ಹೆಸರನ್ನು ನಂಬಿ ಯಾವತ್ತೂ ಎರಡು ಪಟ್ಟಿಗಳನ್ನು ಜೋಡಿಸಬೇಡಿ. ಮಂಜುನಾಥ, ಮಂಜುನಾಥ್, ಎಂ. ಮಂಜುನಾಥ, ಮಂಜುನಾಥ ಗೌಡ ಎಲ್ಲ ಒಬ್ಬರೇ ಇರಬಹುದು, ನಾಲ್ಕು ಜನವೂ ಇರಬಹುದು. ಹಳೆಯ ಪಟ್ಟಿ ನುಡಿ ಫಾಂಟಿನಲ್ಲಿ, ಹೊಸದು ಯೂನಿಕೋಡಿನಲ್ಲಿ ಇದ್ದರಂತೂ ಕಣ್ಣಿಗೆ ಒಂದೇ ಕನ್ನಡ, ಕಂಪ್ಯೂಟರಿಗೆ ಅಜಗಜಾಂತರ. ಗಾಡಿಯ ನಂಬರು ಒಳ್ಳೆಯ ಕೊಂಡಿ, ಆದರೆ ಒಬ್ಬರು ಕೆಎ-13 ಅಂತ ಅಡ್ಡಗೆರೆ ಹಾಕುತ್ತಾರೆ, ಇನ್ನೊಬ್ಬರು ಕೆಎ 13 ಅಂತ ಜಾಗ ಬಿಡುತ್ತಾರೆ. ಸಬ್‌ಸ್ಟಿಟ್ಯೂಟ್ ಫಂಕ್ಷನ್ನಿನಿಂದ ಗೆರೆ, ಖಾಲಿ ಜಾಗ ಎರಡನ್ನೂ ತೆಗೆದು ಪಕ್ಕದ ಕಾಲಮ್ಮಿನಲ್ಲಿ ಶುದ್ಧ ನಂಬರು ಇಟ್ಟುಕೊಳ್ಳಿ. ಕೊನೆಯಲ್ಲಿ ಕಣ್ಣಿಗೆ ಕಾಣದ ಸ್ಪೇಸ್ ಇದ್ದರೆ ಟ್ರಿಮ್ ತೆಗೆಯುತ್ತದೆ. ಕಂಪನಿಯ ಪೋರ್ಟಲಿನಿಂದ ಕಾಪಿ ಮಾಡಿದ್ದರಲ್ಲಿ ಟ್ರಿಮ್ಮಿಗೂ ಜಗ್ಗದ ಒಂದು ಬಗೆಯ ಸ್ಪೇಸ್ ಬರುತ್ತದೆ, ಅದರ ಸಂಕೇತ ಸಂಖ್ಯೆ 160. ಅದನ್ನೂ ಸಬ್‌ಸ್ಟಿಟ್ಯೂಟ್‌ನಿಂದಲೇ ಕೀಳಬೇಕು.

ಈಗ ಶೀಟು ಕಟ್ಟುವ ಕ್ರಮ. ನಿಮ್ಮ ತಾತನ ಕಾಲದ ಮಂಡಿ ಲೆಕ್ಕ ನೋಡಿದ್ದೀರೋ ಇಲ್ಲವೋ, ಅಲ್ಲಿ ಕಿರ್ದಿ ಬೇರೆ, ಖಾತೆ ಬೇರೆ. ದಿನದಿನದ ವ್ಯವಹಾರ ಆದ ಕ್ರಮದಲ್ಲೇ ಕಿರ್ದಿಗೆ ಬೀಳುತ್ತದೆ, ಅದನ್ನು ಯಾರೂ ತಿದ್ದುವುದಿಲ್ಲ. ಯಾರ ಬಾಕಿ ಎಷ್ಟು ಅನ್ನುವುದು ಖಾತೆಯಲ್ಲಿ. ಎಕ್ಸೆಲ್ಲಿನಲ್ಲೂ ಅದೇ ಶಿಸ್ತು. ಒಂದು ಶೀಟು ಕಿರ್ದಿ: ಒಂದು ಪಾಲಿಸಿಗೆ ಒಂದು ಸಾಲು, ಒಂದು ವಿಷಯಕ್ಕೆ ಒಂದು ಕಾಲಂ, ನಡುವೆ ಖಾಲಿ ಸಾಲಿಲ್ಲ, ‘ಏಪ್ರಿಲ್’, ‘ಮೇ’ ಅಂತ ನಡುವೆ ತಲೆಬರಹ ಇಲ್ಲ, ಮರ್ಜ್ ಮಾಡಿದ ಸೆಲ್ ಇಲ್ಲ, ಕೆಳಗೆ ಒಟ್ಟು ಮೊತ್ತವೂ ಇಲ್ಲ. ಇನ್ನೊಂದು ಶೀಟು ಖಾತೆ: ಅಲ್ಲಿ ಪಿವೋಟ್ ಟೇಬಲ್ (ಸಾಲುಗಳನ್ನು ಗುಂಪು ಮಾಡಿ ತಾನೇ ಮೊತ್ತ ತೆಗೆಯುವ ಸೌಲಭ್ಯ) ಹಾಕಿ ಏಜೆಂಟ್‌ವಾರು, ತಿಂಗಳುವಾರು ಹೇಗೆ ಬೇಕೋ ಹಾಗೆ ತೆಗೆಯಿರಿ. ಸಾಹೇಬರಿಗೆ ತೋರಿಸುವ ಅಂದಚೆಂದ ಎಲ್ಲ ಖಾತೆಯ ಕಡೆ. ಬಹಳ ಕಚೇರಿಗಳಲ್ಲಿ ಇವೆರಡನ್ನೂ ಒಂದೇ ಶೀಟಿನಲ್ಲಿ ಕಲಸಿ, ಹಳದಿ ಬಣ್ಣ ಅಂದರೆ ಚೆಕ್ ಬಂದಿಲ್ಲ, ಪಿಂಕ್ ಅಂದರೆ ಪಾಲಿಸಿ ರದ್ದು ಅಂತ ಬಣ್ಣದಲ್ಲಿ ಲೆಕ್ಕ ಇಟ್ಟಿರುತ್ತಾರೆ. ಆ ಬಣ್ಣದ ಅರ್ಥ ಗೊತ್ತಿದ್ದವರಿಗೆ ವರ್ಗವಾದರೆ ಕಥೆ ಮುಗಿಯಿತು. ಬಣ್ಣದ ಬದಲು ‘ಸ್ಥಿತಿ’ ಅಂತ ಒಂದು ಕಾಲಂ ಇಡಿ.

ಕಿರ್ದಿ ಶೀಟಿನಲ್ಲಿ ಕಂಟ್ರೋಲ್ ಟಿ ಒತ್ತಿ ಅದನ್ನು ಟೇಬಲ್ ಮಾಡಿ. ಆಗ ಒಂದೇ ಕಾಲಮ್ಮನ್ನು ಮಾತ್ರ ಸಾರ್ಟ್ ಮಾಡಿ ಹೆಸರೊಂದು ಕಡೆ, ನಂಬರೊಂದು ಕಡೆ ಆಗುವ ಅನಾಹುತ ತಪ್ಪುತ್ತದೆ.

ಎಕ್ಸೆಲ್ ಪುಸ್ತಕದಲ್ಲಿ ಸಿಗದ, ವಿಮೆಯವರಿಗೆ ಮಾತ್ರ ಗೊತ್ತಿರುವ ಒಂದು ಸೂಕ್ಷ್ಮ. 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರು ವರ್ಷ, ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ (ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ) ಒಟ್ಟಿಗೇ ತೆಗೆದುಕೊಳ್ಳಬೇಕು. ಗಾಡಿಯ ಸ್ವಂತ ಹಾನಿಯ ಭಾಗ ಒಂದೇ ವರ್ಷಕ್ಕೂ ಇರಬಹುದು. ಅಂದರೆ ಒಂದೇ ಬೈಕಿಗೆ ಎರಡು ಮುಕ್ತಾಯದ ದಿನಾಂಕ. ನಿಮ್ಮ ರಿಜಿಸ್ಟರಿನಲ್ಲಿ ಒಂದೇ ಕಾಲಂ ಇಟ್ಟರೆ ಎರಡರಲ್ಲಿ ಒಂದು ಕಳೆದುಹೋಗುತ್ತದೆ. ಜಿಎಸ್‌ಟಿಯೂ ಹಾಗೆಯೇ. ವೈಯಕ್ತಿಕ ಜೀವ ವಿಮೆ, ಆರೋಗ್ಯ ವಿಮೆಯ ಮೇಲಿನ ಶೇ. 18 ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಇಲ್ಲ, ಕಾರಿನ ವಿಮೆಗೆ ಇದೆ. ಫಾರ್ಮುಲಾದ ಹೊಟ್ಟೆಯೊಳಗೆ 1.18 ಅಂತ ಬರೆದು ಮರೆತವರ ಫೈಲುಗಳೆಲ್ಲ ಆವತ್ತು ಸುಳ್ಳು ಹೇಳಲು ಶುರುಮಾಡಿದವು. ತೆರಿಗೆ ದರ, ಕಮಿಷನ್ ದರ ಇಂಥವನ್ನು ಬೇರೆ ಶೀಟಿನಲ್ಲಿ, ಯಾವತ್ತಿನಿಂದ ಜಾರಿ ಎಂಬ ದಿನಾಂಕದ ಜೊತೆ ಇಟ್ಟು, ಅಲ್ಲಿಂದ ಎಳೆದುಕೊಳ್ಳಿ.

ಎಳೆದುಕೊಳ್ಳುವುದು ಅಂದೆನಲ್ಲ, ಅದೇ ವಿಲುಕಪ್. ಸಂದರ್ಶನದಲ್ಲಿ ಇದನ್ನು ಕೇಳದೆ ಬಿಡುವವರು ಅಪರೂಪ. ಅದಕ್ಕೆ ನಾಲ್ಕು ಮಾತು ಹೇಳಬೇಕು: ಏನು ಹುಡುಕಬೇಕು, ಎಲ್ಲಿ, ಎಷ್ಟನೇ ಕಾಲಂ, ಮತ್ತು ಕೊನೆಯದಾಗಿ ಟ್ರೂ ಅಥವಾ ಫಾಲ್ಸ್. ಈ ಕೊನೆಯದರಲ್ಲೇ ಪ್ರಾಣವಿರುವುದು. ಫಾಲ್ಸ್ ಅಂದರೆ ತದ್ವತ್ ಅದೇ ಸಿಗಬೇಕು, ಸಿಗದಿದ್ದರೆ ಇಲ್ಲ ಅನ್ನು. ಪಾಲಿಸಿ ನಂಬರು, ಗಾಡಿ ನಂಬರಿಗೆ ಇದೇ ಬೇಕು. ಏನೂ ಹೇಳದೆ ಬಿಟ್ಟರೆ ಅದು ಟ್ರೂ ಅಂದುಕೊಳ್ಳುತ್ತದೆ, ಅಂದರೆ ಹತ್ತಿರದ್ದು ಕೊಟ್ಟರೂ ಸಾಕು. ಆಗ ಬೇರೆ ಯಾರದೋ ಪ್ರೀಮಿಯಂ ತಂದು ಇವರ ಸಾಲಿನಲ್ಲಿ ಇಟ್ಟು ಸುಮ್ಮನಿರುತ್ತದೆ. ಹಾಗಂತ ಟ್ರೂ ದಂಡ ಅಂತಲ್ಲ. ಗಾಡಿಯ ವಯಸ್ಸಿನ ಮೇಲೆ ಸವಕಳಿ ನೋಡಬೇಕು ಅನ್ನಿ: ಆರು ತಿಂಗಳವರೆಗೆ ಶೇ. 5, ಒಂದು ವರ್ಷದವರೆಗೆ 15, ಎರಡರವರೆಗೆ 20, ಮೂರರವರೆಗೆ 30, ನಾಲ್ಕರವರೆಗೆ 40, ಐದರವರೆಗೆ 50. ಈ ಪಟ್ಟಿಯಲ್ಲಿ ಪ್ರತಿ ಮೆಟ್ಟಿಲು ಮುಗಿಯುವ ವಯಸ್ಸಲ್ಲ, ಶುರುವಾಗುವ ವಯಸ್ಸನ್ನು (ಸೊನ್ನೆಗೆ 5, ಆರು ತಿಂಗಳಿಗೆ 15, ಒಂದು ವರ್ಷಕ್ಕೆ 20, ಎರಡಕ್ಕೆ 30, ಹೀಗೆ) ಏರಿಕೆ ಕ್ರಮದಲ್ಲಿ ಬರೆದು ಟ್ರೂ ಹಾಕಿದರೆ ಎರಡು ವರ್ಷ ನಾಲ್ಕು ತಿಂಗಳ ಜೀಪಿಗೆ 30 ತಂದುಕೊಡುತ್ತದೆ. ಆರೋಗ್ಯ ವಿಮೆಯಲ್ಲಿ ವಯಸ್ಸಿನ ಗುಂಪಿಗೂ ಇದೇ. ಹೊಸ ಎಕ್ಸೆಲ್ಲಿನಲ್ಲಿ ಎಕ್ಸ್‌ಲುಕಪ್ ಬಂದಿದೆ, ಏನೂ ಹೇಳದಿದ್ದರೂ ತದ್ವತ್ ಹುಡುಕುವಷ್ಟು ಬುದ್ಧಿ ಅದಕ್ಕಿದೆ. ಆದರೆ ಹಳೆಯ ಕಚೇರಿ ಕಂಪ್ಯೂಟರಿನಲ್ಲಿ ಇರುವುದಿಲ್ಲ, ಎರಡೂ ಗೊತ್ತಿರಲಿ.

ಸಮ್‌ಇಫ್ಸ್ (ಷರತ್ತಿಗೆ ಹೊಂದುವವನ್ನು ಮಾತ್ರ ಕೂಡಿಸುವುದು), ಇಫ್ (ಷರತ್ತು ನೋಡಿ ಉತ್ತರ ಕೊಡುವುದು), ಇಫ್‌ಎರರ್ (ಎರರ್ ಬಂದ ಕಡೆ ಬೇರೆ ಉತ್ತರ ತೋರಿಸುವುದು) ಇವು ಎರಡು ದಿನದ ಅಭ್ಯಾಸ. ಇಫ್‌ಎರರ್ ಮಾತ್ರ ಕಡಿಮೆ ಬಳಸಿ. ಸಿಗದ ಪಾಲಿಸಿಯನ್ನು ಸೊನ್ನೆ ಮಾಡಿ ಮುಚ್ಚಿಟ್ಟರೆ ತಾಳೆ ನೋಡುವ ಕೆಲಸವೇ ವ್ಯರ್ಥ.

ಇನ್ನೊಂದು, ಕೆಲಸಕ್ಕೆ ಸೇರಿ ಆರು ತಿಂಗಳಾದ ಮೇಲೆ ಬೇಕಾಗುವುದು: ಗಳಿಸಿದ ಪ್ರೀಮಿಯಂ. ಅಕ್ಟೋಬರ್ 1ಕ್ಕೆ 12,000 ರೂಪಾಯಿ ಕಟ್ಟಿದ ಒಂದು ವರ್ಷದ ಪಾಲಿಸಿ. ಮಾರ್ಚ್ 31ಕ್ಕೆ ಅದರಲ್ಲಿ ಕಂಪನಿಗೆ ದಕ್ಕಿದ್ದು ಎಷ್ಟು? ಎರಡು ದಿನಾಂಕ ಕಳೆದರೆ 181 ಬರುತ್ತದೆ, ಆದರೆ ಮೊದಲ ದಿನವೂ ಲೆಕ್ಕಕ್ಕೆ ಬರಬೇಕು, ಆದ್ದರಿಂದ 1 ಕೂಡಿಸಿ 182. 12,000ವನ್ನು 182ರಿಂದ ಗುಣಿಸಿ 365ರಿಂದ ಭಾಗಿಸಿದರೆ 5,983 ರೂಪಾಯಿ 56 ಪೈಸೆ. ಉಳಿದದ್ದು ಇನ್ನೂ ಗ್ರಾಹಕರ ಋಣ. (ಅಧಿಕ ವರ್ಷ ನಡುವೆ ಬಂದರೆ ಎರಡೂ ಅಂಕಿಗೆ ಒಂದೊಂದು ಹೆಚ್ಚು.) ಬಿ.ಕಾಂ. ಓದಿದವರಿಗೆ ಇದು ‘ಮುಂಗಡವಾಗಿ ಬಂದ ಆದಾಯ’ದ ತಮ್ಮನೇ, ಭಯ ಬೇಡ.

ಜೀವ ವಿಮೆಯ ಕಡೆ ಹೋದರೆ ರೇಟ್ ಎಂಬ ಫಂಕ್ಷನ್ ಕಲಿಯಿರಿ, ಕಟ್ಟಿದ ದುಡ್ಡು ವರ್ಷಕ್ಕೆ ಶೇಕಡಾ ಎಷ್ಟರಂತೆ ಬೆಳೆಯಿತು ಎಂದು ಅದು ಹೇಳುತ್ತದೆ. ವರ್ಷಕ್ಕೆ 30,000ದಂತೆ 20 ವರ್ಷ ಕಟ್ಟಿ, 20ನೇ ವರ್ಷದ ಕೊನೆಗೆ 11 ಲಕ್ಷ ಬರುತ್ತದೆ ಎಂದಿಟ್ಟುಕೊಳ್ಳಿ. “ಆರು ಲಕ್ಷ ಕಟ್ಟಿದರೆ ಹನ್ನೊಂದು ಲಕ್ಷ!” ಅಂತ ಏಜೆಂಟರು ಹೇಳುವುದೂ ಸುಳ್ಳಲ್ಲ. ರೇಟ್‌ಗೆ 20, ಮೈನಸ್ 30,000, ಸೊನ್ನೆ, 11 ಲಕ್ಷ, ಕೊನೆಗೆ 1 ಅಂತ ಕೊಟ್ಟರೆ ಬರುವುದು ವರ್ಷಕ್ಕೆ ಸುಮಾರು ಶೇ. 5.5. ಕೊನೆಯ ಆ 1 ಅಂದರೆ ಕಂತು ವರ್ಷದ ಆರಂಭದಲ್ಲೇ ಕಟ್ಟುತ್ತೇವೆ ಅಂತ. ಅದನ್ನು ಮರೆತರೆ ಉತ್ತರ 6ರ ಹತ್ತಿರಕ್ಕೆ ಏರುತ್ತದೆ. ಜೀವರಕ್ಷಣೆಯ ಬೆಲೆಯೂ ಅದರಲ್ಲಿ ಸೇರಿದೆ ಎನ್ನುವುದನ್ನು ನೆನಪಿಟ್ಟು ಗ್ರಾಹಕರಿಗೆ ಹೇಳಿ. ಹೇಳಿದರೆ ವ್ಯಾಪಾರ ಹೋಗುತ್ತದೆ ಅನ್ನುವವರು ಇದ್ದಾರೆ, ನನ್ನ ಅನುಭವದಲ್ಲಿ ಹೇಳಿದವರ ಹತ್ತಿರವೇ ಜನ ಎರಡನೇ ಪಾಲಿಸಿಗೆ ಬಂದದ್ದು.

ಹಾಗಾದರೆ ಈ ಒಂದು ತಿಂಗಳು ಏನು ಮಾಡಬೇಕು? ನಿಮ್ಮ ಊರಿನ ಬೈಕು, ಟ್ರ್ಯಾಕ್ಟರ್, ಪಿಕಪ್, ಓಲೆ ಹಾಕಿದ ಹಸು ಎಲ್ಲ ಸೇರಿ ಒಂದು ಅರವತ್ತು ಸಾಲಿನ ರಿಜಿಸ್ಟರು ಕಟ್ಟಿ. ದಿನಾಂಕಗಳನ್ನು ಮನೆಯವರನ್ನು, ನೆಂಟರನ್ನು ಕೇಳಿ ನಿಜವಾದದ್ದೇ ಹಾಕಿ, ನಂಬರುಗಳನ್ನು ಮಾತ್ರ ನೀವೇ ಕಲ್ಪಿಸಿ. ಬೇರೆಯವರ ಆಧಾರ್, ಫೋನ್ ನಂಬರು ಬೇಡವೇ ಬೇಡ. ಅದರ ಮೇಲೆ ಮೇಲಿನದೆಲ್ಲ ಮಾಡಿ ನೋಡಿ: ಮುಂದಿನ 30 ದಿನದಲ್ಲಿ ಮುಗಿಯುವುದು ಯಾವುದು, 90 ದಿನ ದಾಟಿದ್ದು ಯಾವುದು. ಬೇಕೆಂದೇ ಐದು ತಪ್ಪು ಸೇರಿಸಿ, ಎರಡು ದಿನ ಬಿಟ್ಟು ಹುಡುಕಿ. ಊರಲ್ಲೇ ಯಾರದ್ದಾದರೂ ವಿಮೆ ಮುಗಿದಿರುವುದು ಖಂಡಿತ ಸಿಗುತ್ತದೆ, ಹೋಗಿ ಹೇಳಿ. ಇಂಗ್ಲಿಷಿನ ಅಳುಕಿದ್ದರೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಲಿಬ್ರೆಆಫೀಸ್ ಕ್ಯಾಲ್ಕ್ ಪಾಠಗಳು ಕನ್ನಡದಲ್ಲೇ ಉಚಿತವಾಗಿ ಇವೆ. ಕ್ಯಾಲ್ಕ್ ಎಂಬುದು ಎಕ್ಸೆಲ್ಲಿನ ದಾಯಾದಿ, ಮುಖ್ಯ ಫಂಕ್ಷನ್ನುಗಳ ಹೆಸರೂ ಒಂದೇ.

ಆ ರಿಜಿಸ್ಟರನ್ನು ಸಂದರ್ಶನಕ್ಕೆ ತೆಗೆದುಕೊಂಡು ಹೋಗಿ. ಸರ್ಟಿಫಿಕೇಟಿಗಿಂತ ಅದು ಹೆಚ್ಚು ಮಾತಾಡುತ್ತದೆ. ಕೆಲಸ ಸಿಕ್ಕ ಮೇಲೆ ಮಾತ್ರ ಈ ಸ್ವಾತಂತ್ರ್ಯ ಇಲ್ಲ. ಗ್ರಾಹಕರ ಪಟ್ಟಿಯನ್ನು ಮನೆಗೆ ಪೆನ್‌ಡ್ರೈವಿನಲ್ಲಿ ತರುವುದು, ನಿಮ್ಮ ಸ್ವಂತ ಗೂಗಲ್ ಶೀಟಿಗೆ ಹಾಕುವುದು, ವಾಟ್ಸ್ಆ್ಯಪ್ ಗುಂಪಿಗೆ ಕಳಿಸುವುದು ಬೇಡ. ಯಾರ ಸಕ್ಕರೆ ಕಾಯಿಲೆ, ಯಾರ ಆಪರೇಷನ್ ಎಲ್ಲ ಅದರಲ್ಲಿರುತ್ತದೆ. ವೈಯಕ್ತಿಕ ಮಾಹಿತಿ ರಕ್ಷಣೆಗೆಂದೇ 2023ರಲ್ಲಿ ಸಂಸತ್ತು ಕಾಯ್ದೆ ಮಾಡಿದೆ. ಕಾಯ್ದೆ ಹಾಗಿರಲಿ, ಹಾಸನದಂಥ ಊರಿನಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತಿರುವವರೇ.

ಕೊನೆಗೆ ಅಣ್ಣನ ಲ್ಯಾಪ್‌ಟಾಪು. ಧಾರಾಳ ಸಾಕು. ಎಕ್ಸೆಲ್ಲಿನ ಒಂದು ಶೀಟಿನಲ್ಲಿ 10,48,576 ಸಾಲುಗಳಿವೆ, ಇಡೀ ಜಿಲ್ಲೆಯ ಏಜೆಂಟರು ಸೇರಿ ಬರೆದರೂ ತುಂಬುವುದು ಕಷ್ಟ. ಆದರೆ ಅದರಲ್ಲಿ 2003ರದ್ದೋ ಅದಕ್ಕೂ ಹಳೆಯದೋ ಎಕ್ಸೆಲ್ ಇದ್ದರೆ 65,536 ಸಾಲಿಗೇ ಮುಗಿಯುತ್ತದೆ. 2020ರಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯವರು ಆ ಹಳೆಯ ಮಾದರಿಯ ಫೈಲು ಬಳಸಿ 15,841 ಕೋವಿಡ್ ಪ್ರಕರಣಗಳನ್ನು ಲೆಕ್ಕದಿಂದ ಕಳೆದುಕೊಂಡಿದ್ದರು. ಹಾಗಾಗಿ ಹಳೆಯದಿದ್ದರೆ ತೆಗೆದು ಲಿಬ್ರೆಆಫೀಸ್ ಹಾಕಿಕೊಳ್ಳಿ, ಕಾಸು ಕೊಡಬೇಕಿಲ್ಲ. ಖರ್ಚು ಮಾಡಲೇಬೇಕು ಅನ್ನಿಸಿದರೆ ಬಲಗಡೆ ಅಂಕಿಗಳ ಪ್ರತ್ಯೇಕ ಗುಂಪಿರುವ ಒಂದು ಯುಎಸ್‌ಬಿ ಕೀಬೋರ್ಡು ಕೊಳ್ಳಿ, ಲ್ಯಾಪ್‌ಟಾಪಿನ ಮೇಲಿನ ಸಾಲಿನಲ್ಲಿ ದಿನವಿಡೀ ಪ್ರೀಮಿಯಂ ಮೊತ್ತ ಹೊಡೆದರೆ ಬೆರಳು ನೋಯುತ್ತದೆ, ತಪ್ಪೂ ಹೆಚ್ಚು.